ಮಳೆಗಾಲದ ಅಣಬೆಯಿಂದ ಜೀವವೃಕ್ಷದವರೆಗೆ: ನಂಟು ಗುರುತಿಸುವ ಬಗೆ

ಮಲೆನಾಡಿನ ಬೆಳೆಗಾರರು ಕೊಳೆರೋಗ ಎಂಬ ಒಂದೇ ಹೆಸರಿನಿಂದ ಎರಡು ಕಾಯಿಲೆಗಳನ್ನು ಕರೆಯುತ್ತಾರೆ. ಅಡಿಕೆ ತೋಟದಲ್ಲಿ ಮಳೆ ಬಿಡದೆ ಹಿಡಿದಾಗ ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂತಹ ಕಲೆ ಮೂಡಿ, ಬಿಳಿಯ ಬೂಷ್ಟು ಹರಡಿ, ಕಾಯಿಗಳು ಗೊನೆಯಿಂದ ಉದುರುವುದು ಒಂದು. ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆತು, ನೆಲಕ್ಕೆ ಬೀಳದೆ ಸಣ್ಣ ಎಳೆಯೊಂದರಲ್ಲಿ ಕೊಂಬೆಗೆ ಜೋತಾಡುವುದು ಇನ್ನೊಂದು. ಎರಡೂ ಬರುವುದು ತೇವದಲ್ಲಿ, ಎರಡರಲ್ಲೂ ಕಾಣುವುದು ಎಳೆಎಳೆಯಾದ ಬೂಷ್ಟು, ಎರಡಕ್ಕೂ ಹೊಡೆಯುವುದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಆದರೂ ಕಾಫಿಯ ಕೊಳೆರೋಗವನ್ನು ತರುವ ಜೀವಿ ಅಣಬೆಗಳ ದಾಯಾದಿ. ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ, ಅದು ಸಮುದ್ರದ ಕಂದು ಪಾಚಿಗಳ ಕಡೆಯ ನೆಂಟ. 1876ರಲ್ಲಿ ಎಂ. ಸಿ. ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಕಾಫಿಯ ರೋಗಕಾರಕಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟಿದ್ದರಿಂದ ನಮ್ಮ ಮಾತು ಲ್ಯಾಟಿನ್ ನಾಮಪಟ್ಟಿಯನ್ನು ಸೇರಿತು. ಅಡಿಕೆಯ ರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ವಿವರವಾಗಿ ಬರೆದರು.

ಜೀವಿಗಳ ವರ್ಗೀಕರಣವನ್ನು ಪಿಯುಸಿಯಲ್ಲಿ ಓದುವವರು ಸಾಮಾನ್ಯವಾಗಿ ಅದನ್ನು ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವರಿಗೂ ಅಣಬೆಯೊಂದನ್ನು ಕೈಗೆ ಕೊಟ್ಟು ‘ಇದು ಯಾರ ನೆಂಟ?’ ಎಂದು ಕೇಳಿದರೆ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ಒಂದು ಮಳೆಗಾಲದಲ್ಲಿ, ಹೆಚ್ಚಿನ ಖರ್ಚಿಲ್ಲದೆ, ಈ ಪ್ರಶ್ನೆಗೆ ತಾವೇ ಉತ್ತರ ಹುಡುಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವುದು ಒಂದು ಚಾಕು, ಕಾಗದದ ಚೀಲಗಳು, ಬಿಳಿ ಮತ್ತು ಕಪ್ಪು ಕಾಗದ, ಒಂದು ಸ್ಟೀಲ್ ಬಟ್ಟಲು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ನೋಟುಪುಸ್ತಕ ಮತ್ತು ಪೆನ್ಸಿಲ್. ಒಂದು ಹಂತಕ್ಕೆ ಮಾತ್ರ ಕಾಲೇಜಿನ ಸೂಕ್ಷ್ಮದರ್ಶಕ ಬೇಕು.

ಆರಂಭಿಸುವ ಮುನ್ನ ಒಂದು ಎಚ್ಚರಿಕೆ. ಈ ಕ್ರಮ ಅಣಬೆಯ ನಂಟು ತಿಳಿಯುವುದಕ್ಕೆ, ತಿನ್ನಬಹುದೇ ಎಂದು ತೀರ್ಮಾನಿಸುವುದಕ್ಕಲ್ಲ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಅಕ್ಕಿ ಬಣ್ಣಗೆಡದಿದ್ದರೆ, ಹುಳು ತಿಂದಿದ್ದರೆ ಅಣಬೆ ವಿಷವಲ್ಲ ಎಂಬ ಮಾತುಗಳೆಲ್ಲ ಸುಳ್ಳು. ಅಮಾನಿಟಾ ಜಾತಿಯ ಮಾರಕ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದ ಆರು ಗಂಟೆಗಳವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಏನೂ ಆಗದಂತೆ ಇದ್ದು, ಆಮೇಲೆ ಯಕೃತ್ತನ್ನು ಹಾಳುಮಾಡುತ್ತದೆ.

ಕೀಳುವ ಮುನ್ನ ಬರೆಯಬೇಕಾದದ್ದು

ಅಣಬೆ ಕಂಡ ಕೂಡಲೇ ಕಿತ್ತುಬಿಡುವುದು ಹೊಸಬರೆಲ್ಲರೂ ಮಾಡುವ ತಪ್ಪು. ನಾವು ಅಣಬೆ ಎನ್ನುವುದು ಆ ಜೀವಿಯ ಹಣ್ಣಿನಂತಹ ಭಾಗ ಮಾತ್ರ. ನಿಜವಾದ ಒಡಲು ಮಣ್ಣಿನಲ್ಲೋ ಮರದ ಒಳಗೋ ಹರಡಿಕೊಂಡಿರುವ ಎಳೆಗಳ ಜಾಲ. ಆದ್ದರಿಂದ ಅದು ಯಾವುದರ ಮೇಲೆ ಎದ್ದಿದೆ ಎಂಬುದು, ಅಂದರೆ ಸಗಣಿಯ ಮೇಲೋ, ಕೊಳೆತ ದಿಮ್ಮಿಯ ಮೇಲೋ, ಹುಲ್ಲುಹಾಸಿನಲ್ಲೋ, ಹುತ್ತದ ಬಳಿಯೋ ಎಂಬುದು, ಅದರ ಬದುಕಿನ ಅರ್ಧ ಕತೆಯನ್ನು ಹೇಳುತ್ತದೆ. ದಿನಾಂಕ, ಜಾಗ, ಹತ್ತಿರದ ಮರದ ಹೆಸರು, ವಾಸನೆ, ಕತ್ತರಿಸಿದಾಗ ಬಣ್ಣ ಬದಲಾಗುತ್ತದೆಯೇ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿನಿಂದ ಬರೆದದ್ದನ್ನು ನಾನು ನಂಬುವುದಿಲ್ಲ.

ಆಮೇಲೆ ಚಾಕುವನ್ನು ಬುಡದ ಪಕ್ಕದಲ್ಲಿ ಆಳಕ್ಕೆ ಇಳಿಸಿ, ಮಣ್ಣುಸಮೇತ ಮೇಲೆತ್ತಬೇಕು. ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂತಹ ಚೀಲವಿದ್ದರೆ ಅದು ಅಮಾನಿಟಾ ಇರಬಹುದು, ಭತ್ತದ ಹುಲ್ಲಿನ ಮೇಲೆ ಬೆಳೆಯುವ ವೊಲ್ವೇರಿಯೆಲ್ಲಾ ಕೂಡ ಇರಬಹುದು. ಎಳೆದು ಕಿತ್ತರೆ ಆ ಚೀಲ ಮಣ್ಣಿನಲ್ಲೇ ಉಳಿಯುತ್ತದೆ. ಹುತ್ತದ ಅಣಬೆಯಾದರೆ ಅಗೆದಷ್ಟೂ ಕಾಂಡ ಬೇರಿನಂತೆ ಸಪೂರವಾಗಿ ಕೆಳಕ್ಕಿಳಿಯುತ್ತಲೇ ಹೋಗುತ್ತದೆ. ಅದರ ಕೊನೆ ಇರುವುದು ಗೆದ್ದಲುಗಳು ನೆಲದೊಳಗೆ ಮಾಡಿಕೊಂಡ ತೋಟದಲ್ಲಿ. ಗೆದ್ದಲುಗಳು ತಿಂದು ಹೊರಹಾಕಿದ ಸಸ್ಯಚೂರುಗಳ ಮೇಲೆ ಟರ್ಮಿಟೊಮೈಸಿಸ್ ಎಂಬ ಈ ಶಿಲೀಂಧ್ರವನ್ನು ಸಾಕುತ್ತವೆ, ಶಿಲೀಂಧ್ರ ಅವುಗಳಿಗಾಗಿ ನಾರನ್ನು ಕರಗಿಸಿ ಕೊಡುತ್ತದೆ. ಈ ಬೇಸಾಯ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ಅವುಗಳ ಡಿಎನ್‌ಎ ಹೇಳುತ್ತದೆ.

ಒಯ್ಯುವುದು ಕಾಗದದ ಚೀಲದಲ್ಲಿ, ಒಂದು ಚೀಲಕ್ಕೆ ಒಂದೇ ಬಗೆ. ಪ್ಲಾಸ್ಟಿಕ್‌ನಲ್ಲಿ ಬೆವರಿ ಸಂಜೆಯೊಳಗೆ ಲೋಳೆಯಾಗುತ್ತದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ, ಅಲ್ಲಿ ಫೋಟೋ ತೆಗೆದುಕೊಂಡರೆ ಸಾಕು.

ಬೀಜಕದ ಮುದ್ರೆ ತೆಗೆಯುವುದು

ಕೊಡೆಯನ್ನು ತಿರುಗಿಸಿ ನೋಡಿದರೆ ಹೆಚ್ಚಿನ ಅಣಬೆಗಳಲ್ಲಿ ಕಿವಿರುಗಳು, ಅಂದರೆ ತೆಳು ಹಾಳೆಯಂತಹ ಪದರಗಳು, ಕಾಣುತ್ತವೆ, ಕೆಲವದರಲ್ಲಿ ಸೂಜಿಮೊನೆಯಷ್ಟು ರಂಧ್ರಗಳು. ಅವುಗಳ ಮೇಲೆ ಹುಟ್ಟುವ ಬೀಜಕಗಳ, ಅಂದರೆ ಬೀಜದಂತೆ ಹೊಸ ಜೀವಿಗೆ ಕಾರಣವಾಗುವ ಸೂಕ್ಷ್ಮ ಕಣಗಳ, ಬಣ್ಣವನ್ನು ಬರಿಗಣ್ಣಿಗೆ ಕಾಣುವಂತೆ ಒಟ್ಟುಗೂಡಿಸುವುದೇ ಮುದ್ರೆಯ ಉದ್ದೇಶ. ಕಿವಿರಿನ ಬಣ್ಣವನ್ನೇ ಬೀಜಕದ ಬಣ್ಣವೆಂದು ತಿಳಿಯಬಾರದು, ಎರಡೂ ಒಂದೇ ಆಗಿರಬೇಕೆಂದೇನೂ ಇಲ್ಲ.

ಪೂರ್ತಿ ಅರಳಿದ, ಆದರೆ ಇನ್ನೂ ಗಟ್ಟಿಯಾಗಿರುವ ಅಣಬೆಯನ್ನು ಆರಿಸಿಕೊಂಡು, ಕಾಂಡವನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಬೇಕು. ಬಿಳಿ ಕಾಗದ ಮತ್ತು ಕಪ್ಪು ಕಾಗದವನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿ, ಆ ಸೇರುವೆಯ ಮೇಲೆ ಕೊಡೆಯನ್ನು ಕಿವಿರು ಕೆಳಗೆ ಬರುವಂತೆ ಇಡಬೇಕು. ಬಿಳಿ ಬೀಜಕ ಬಿಳಿ ಕಾಗದದ ಮೇಲೆ ಬಿದ್ದರೆ ಕಾಣುವುದಿಲ್ಲ, ಕಪ್ಪು ಬೀಜಕ ಕಪ್ಪಿನ ಮೇಲೆ ಬಿದ್ದರೂ ಅಷ್ಟೇ. ಕೊಡೆಯ ನೆತ್ತಿಯ ಮೇಲೆ ಒಂದೆರಡು ಹನಿ ನೀರು ಹಾಕಿ, ಬಟ್ಟಲನ್ನು ಬೋರಲಾಗಿ ಮುಚ್ಚಿ, ಫ್ಯಾನಿನ ಗಾಳಿ ತಾಗದ ಕಡೆ ಆರರಿಂದ ಹನ್ನೆರಡು ಗಂಟೆ ಬಿಡಬೇಕು. ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದು ಅನುಕೂಲ, ಆದರೆ ಅಷ್ಟರೊಳಗೆ ಕೆಲವು ಅಣಬೆಗಳಿಂದ ಹುಳುಗಳು ಹೊರಬಂದು ಪುಡಿಯ ಮೇಲೆ ಹರಿದಾಡಿ ಮುದ್ರೆಯನ್ನು ಕೆಡಿಸುತ್ತವೆ, ಅದಕ್ಕೆ ಇನ್ನೊಂದು ಕೊಡೆಯಿಂದ ಮತ್ತೆ ಪ್ರಯತ್ನಿಸುವುದೊಂದೇ ದಾರಿ.

ಕೊಡೆಯನ್ನು ಪಕ್ಕಕ್ಕೆ ಜಾರಿಸದೆ ನೇರವಾಗಿ ಮೇಲೆತ್ತಬೇಕು. ಕೆಳಗೆ ಬಂಡಿಚಕ್ರದ ಅರಗಳಂತೆ ನಡುವಿನಿಂದ ಅಂಚಿಗೆ ಹರಡಿದ ಪುಡಿಯ ಗೆರೆಗಳಿರುತ್ತವೆ. ಪ್ರತಿಯೊಂದು ಗೆರೆಯೂ ಎರಡು ಕಿವಿರುಗಳ ನಡುವಿನ ಸಂದು. ಕಿವಿರಿನ ಮೈಮೇಲಿನ ಸಣ್ಣ ಗದೆಯಂತಹ ಪ್ರತಿ ಕೋಶದ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಕಗಳು ಕೂತಿರುತ್ತವೆ. ಬೀಜಕದ ಬುಡದಲ್ಲಿ ಕೂಡಿದ ನೀರಿನ ಹನಿಯೊಂದು ಥಟ್ಟನೆ ಬೀಜಕದ ಮೈಗೆ ಬೆರೆತಾಗ ಅದು ಸಿಡಿದು, ಎದುರಿನ ಕಿವಿರಿಗೆ ಬಡಿಯದಷ್ಟೇ ದೂರ ಹಾರಿ, ನೇರ ಕೆಳಗೆ ಬೀಳುತ್ತದೆ. ಹಾರುವ ದೂರ ಸ್ವಲ್ಪ ಹೆಚ್ಚಾದರೂ ಬೀಜಕ ಎದುರಿಗೆ ಅಂಟಿಕೊಂಡು ವ್ಯರ್ಥವಾಗುತ್ತಿತ್ತು, ಕಡಿಮೆಯಾದರೆ ಹುಟ್ಟಿದಲ್ಲೇ ಉಳಿಯುತ್ತಿತ್ತು. ಪ್ರಕೃತಿಯ ಆಯ್ಕೆ ಎಂದರೇನೆಂದು ವಿದ್ಯಾರ್ಥಿಗಳಿಗೆ ಹೇಳುವಾಗ ಜಿರಾಫೆಯ ಕುತ್ತಿಗೆಗಿಂತ ಈ ಪುಡಿಯ ಗೆರೆಗಳನ್ನು ತೋರಿಸುವುದು ನನಗೆ ಇಷ್ಟ.

ಬಣ್ಣವನ್ನು ಹಗಲಿನ ಬೆಳಕಿನಲ್ಲಿಯೇ ನೋಡಬೇಕು. ಹುಲ್ಲುಹಾಸಿನಲ್ಲಿ ಎದ್ದಿದ್ದ ತಟ್ಟೆಯಗಲದ ಬಿಳಿ ಅಣಬೆಯೊಂದರ ಮುದ್ರೆಯನ್ನು ನಾನೊಮ್ಮೆ ಸಂಜೆ ಹಳದಿ ಬಲ್ಬಿನಡಿ ನೋಡಿ ‘ಬೂದು’ ಎಂದು ಬರೆದಿಟ್ಟಿದ್ದೆ. ಮರುದಿನ ಕಿಟಕಿಯ ಬಳಿ ಅದೇ ಕಾಗದ ಸ್ಪಷ್ಟವಾಗಿ ಹಸಿರಾಗಿತ್ತು. ಹಸಿರು ಮುದ್ರೆ ಬಹಳ ಅಪರೂಪ, ಅದು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಅಣಬೆಯ ಗುರುತು. ಎಳೆಯದರಲ್ಲಿ ಕಿವಿರು ಬಿಳಿಯಾಗಿರುವುದರಿಂದ ಜನ ಇದನ್ನು ತಿನ್ನುವ ಅಣಬೆಯೆಂದು ತಿಳಿದು, ಕೆಲವೇ ಗಂಟೆಗಳಲ್ಲಿ ವಾಂತಿಭೇದಿಯಿಂದ ಆಸ್ಪತ್ರೆ ಸೇರುತ್ತಾರೆ.

ಉಳಿದ ಬಣ್ಣಗಳನ್ನು ಬೇಗ ಹೇಳಿ ಮುಗಿಸಬಹುದು. ಅಮಾನಿಟಾದ ಮುದ್ರೆ ಬಿಳಿ. ಹುತ್ತದ ಅಣಬೆ ಮತ್ತು ಭತ್ತದ ಹುಲ್ಲಿನ ಅಣಬೆಯದ್ದು ನಸುಗೆಂಪು. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆಯದ್ದು ಕಡು ಕಂದು. ಸಗಣಿಯ ಮೇಲೆ ಎದ್ದು ಮಸಿಯಾಗಿ ಕರಗುವ ಅಣಬೆಗಳದ್ದು ಕಪ್ಪು. ಕೈ ಪಳಗಲು ಮಾರುಕಟ್ಟೆಯ ಚಿಪ್ಪಣಬೆ ಒಳ್ಳೆಯದು. ಬಟನ್ ಅಣಬೆಯನ್ನು ಸಾಮಾನ್ಯವಾಗಿ ಕೊಡೆ ಬಿಚ್ಚುವ ಮೊದಲೇ ಕೊಯ್ದಿರುವುದರಿಂದ ಅದರಿಂದ ಮುದ್ರೆ ಬರುವುದಿಲ್ಲ.

ಹೋಲಿಕೆ ಮೋಸ ಮಾಡುವ ಕಡೆ

ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಿಂದ ಅಣಬೆಗಳನ್ನು ಬೀಜಕದ ಬಣ್ಣದ ಆಧಾರದ ಮೇಲೆ ವಿಂಗಡಿಸಿದರು. ಗುರುತಿಸಲು ಆ ಕ್ರಮ ಇಂದಿಗೂ ನೆರವಾಗುತ್ತದೆ. ಆದರೆ ಗುರುತಿಸುವುದು ಬೇರೆ, ನಂಟು ಹೇಳುವುದು ಬೇರೆ. ನಸುಗೆಂಪು ಮುದ್ರೆಯಿಂದಾಗಿ ಹುತ್ತದ ಅಣಬೆಯನ್ನು ಒಂದು ಕಾಲದಲ್ಲಿ ಬೇರೆ ನಸುಗೆಂಪು ಅಣಬೆಗಳ ಜೊತೆ ಸೇರಿಸಿದ್ದರು. ಡಿಎನ್‌ಎ ಓದಿದ ಮೇಲೆ ಅದು ಲಯೊಫಿಲ್ಲೇಸಿ ಎಂಬ ಕುಟುಂಬಕ್ಕೆ ಸೇರಿದ್ದೆಂದು ತಿಳಿಯಿತು, ಆ ಕುಟುಂಬದ ಉಳಿದವರಲ್ಲಿ ಹೆಚ್ಚಿನವರ ಮುದ್ರೆ ಬಿಳಿ.

ಇನ್ನೂ ಒಳ್ಳೆಯ ಉದಾಹರಣೆ ಕಲ್ಲಣಬೆ. ಮುಂಗಾರಿನ ಮೊದಲ ಗುಡುಗುಮಳೆಗೆ ಕರಾವಳಿ ಮತ್ತು ಘಟ್ಟದ ತಪ್ಪಲಿನ ಕಾಡಿನ ನೆಲದಲ್ಲಿ ಗೋಲಿಯಂತೆ ಏಳುವ, ತುಳುವಿನಲ್ಲಿ ಕಲ್ಲಲಂಬು ಎನ್ನುವ, ಈ ಅಣಬೆ ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದಂತೆ ಬಿರಿದು, ನಡುವಿನ ಚೀಲದಿಂದ ಕಂದು ಪುಡಿಯನ್ನು ಉಗುಳುತ್ತದೆ. ಜಿಯಾಸ್ಟ್ರಮ್ ಎಂಬ ಇನ್ನೊಂದು ಅಣಬೆಯೂ ಹೀಗೆಯೇ ನಕ್ಷತ್ರವಾಗಿ ಬಿರಿಯುವುದರಿಂದ ಎರಡನ್ನೂ ಬಹುಕಾಲ ಒಂದೇ ಜಾತಿಯಲ್ಲಿ ಇಟ್ಟಿದ್ದರು. 1889ರಲ್ಲಿ ಕಲ್ಲಣಬೆಯನ್ನು ಆಸ್ಟ್ರಿಯಸ್ ಎಂಬ ಬೇರೆ ಜಾತಿಯಾಗಿ ವಿಂಗಡಿಸಲಾಯಿತು. ಈಗ ತಿಳಿದಿರುವಂತೆ ಆಸ್ಟ್ರಿಯಸ್‌ನ ನಿಜವಾದ ನಂಟು ಕೊಡೆಯ ಕೆಳಗೆ ರಂಧ್ರಗಳಿರುವ ಬೊಲೀಟಸ್ ಅಣಬೆಗಳ ಜೊತೆ. ಬೀಜಕ ಚೆಲ್ಲುವ ಒಂದೇ ಸಮಸ್ಯೆಗೆ ಎರಡು ಬೇರೆ ಮನೆತನಗಳು ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡುಕೊಂಡಿವೆ. ಇಂತಹ ಹೋಲಿಕೆ ಎದುರಾದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಹಿರಿಯರಿಂದ ಬಂದದ್ದೋ, ಬದುಕಿನ ಒತ್ತಡದಿಂದ ಬಂದದ್ದೋ?

ಕೊಳೆರೋಗದ ಒಗಟೂ ಇದೇ ಬಗೆಯದು. ಎಳೆಎಳೆಯಾಗಿ ಬೆಳೆದು, ತನ್ನ ಸುತ್ತಲಿನ ಆಹಾರವನ್ನು ಹೊರಗೇ ಕರಗಿಸಿ ಹೀರಿಕೊಳ್ಳುವ ಬದುಕು ಫೈಟಾಫ್ತೊರಾಗೂ ಶಿಲೀಂಧ್ರಗಳಿಗೂ ಸಮಾನ. ರಾಬರ್ಟ್ ವಿಟೇಕರ್ 1969ರಲ್ಲಿ ಐದು ಸಾಮ್ರಾಜ್ಯಗಳನ್ನು ಗುರುತಿಸಿದಾಗ ಫೈಟಾಫ್ತೊರಾದ ಗುಂಪನ್ನು ಶಿಲೀಂಧ್ರಗಳ ಜೊತೆಯಲ್ಲೇ ಇಟ್ಟಿದ್ದರು. ಪಠ್ಯಪುಸ್ತಕದ ಫೈಕೊಮೈಸೀಟ್ಸ್ ಎಂಬ ಗುಂಪಿನಲ್ಲಿ ಬ್ರೆಡ್ಡಿನ ಬೂಷ್ಟಾದ ರೈಜೋಪಸ್ ಪಕ್ಕದಲ್ಲಿ ಸಾಸಿವೆ ಗಿಡದ ಆಲ್ಬ್ಯೂಗೊ ಕೂತಿರುವುದೂ ಆ ಹಳೆಯ ಎಣಿಕೆಯಿಂದಲೇ. ಆಲ್ಬ್ಯೂಗೊ ಫೈಟಾಫ್ತೊರಾದ ಕಡೆಯದು. ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇರುತ್ತದೆ, ಫೈಟಾಫ್ತೊರಾದ್ದರಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲೂಕನ್‌ಗಳು. ಮಳೆನೀರಿನ ತೆಳುಪದರದಲ್ಲಿ ಈಜಿ ಕಾಯಿಯಿಂದ ಕಾಯಿಗೆ ದಾಟುವ ಅದರ ಬೀಜಕಕ್ಕೆ ಎರಡು ಬಾಲಗಳಿದ್ದು, ಮುಂದಕ್ಕೆ ಚಾಚಿದ ಬಾಲದ ಮೇಲೆ ಗರಿಯಂತೆ ಸೂಕ್ಷ್ಮ ರೋಮಗಳಿರುತ್ತವೆ. ಕಂದು ಪಾಚಿಗಳ ಈಜುವ ಕೋಶಗಳಲ್ಲೂ ಇಂಥದೇ ಬಾಲವಿದೆ.

ಇದು ತೋಟದವರಿಗೂ ಸಂಬಂಧಿಸಿದ ವಿಷಯ. ಹುಳುಕಡ್ಡಿಗೆ ವೈದ್ಯರು ಕೊಡುವ ಫ್ಲೂಕೊನಜೋಲ್‌ನಂತಹ ಔಷಧಿಗಳು ಶಿಲೀಂಧ್ರಗಳು ತಮ್ಮ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಸ್ಟೆರಾಲನ್ನು ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರಾ ಸ್ಟೆರಾಲನ್ನು ತಾನಾಗಿ ತಯಾರಿಸುವುದೇ ಇಲ್ಲವಾದ್ದರಿಂದ ಆ ಬಗೆಯ ಶಿಲೀಂಧ್ರನಾಶಕಗಳು ಅದರ ಮೇಲೆ ನಡೆಯುವುದಿಲ್ಲ. ಅದಕ್ಕೆಂದೇ ಬಂದ ಮೆಟಲಾಕ್ಸಿಲ್ ಎಂಬ ಔಷಧಿಯನ್ನು ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಬಳಸತೊಡಗಿದ ಕೆಲವೇ ವರ್ಷಗಳಲ್ಲಿ, 1980ರ ಹೊತ್ತಿಗೇ, ಅದಕ್ಕೆ ಬಗ್ಗದ ಫೈಟಾಫ್ತೊರಾ ತಳಿಗಳು ಕಾಣಿಸಿಕೊಂಡವು. ಜೀವವಿಕಾಸಕ್ಕೆ ಯಾವಾಗಲೂ ಲಕ್ಷಾಂತರ ವರ್ಷ ಬೇಕಿಲ್ಲ. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ಇಂದಿಗೂ ನಡೆಯುತ್ತಿರುವುದಕ್ಕೆ ಒಂದು ಕಾರಣ, ತಾಮ್ರ ಕೋಶವನ್ನು ಏಕಕಾಲಕ್ಕೆ ಹಲವು ಕಡೆ ಕೆಡಿಸುವುದು.

ಅಡುಗೆಮನೆಯ ಸೂಕ್ಷ್ಮಜೀವಿಗಳು

ಈ ಹಂತಕ್ಕೆ ಸೂಕ್ಷ್ಮದರ್ಶಕ ಬೇಕು. ಬೇಕರಿಯ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ನಲವತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ಮೊಟ್ಟೆಯಾಕಾರದ ಕೋಶಗಳೂ, ಕೆಲವದರ ಮೈಯಿಂದ ಮೊಳೆತ ಮರಿಕೋಶಗಳೂ ಕಾಣುತ್ತವೆ. ಇನ್ನೊಂದು ಪಟ್ಟಿಯ ಮೇಲೆ ಮೊಸರಿನ ತಿಳಿಯನ್ನು ತೆಳ್ಳಗೆ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಬಾರಿ ಹಾಯಿಸಿ, ಒಂದು ನಿಮಿಷ ಮೆಥಿಲೀನ್ ಬ್ಲೂ ಹಾಕಿ ತೊಳೆದು, ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಮಸೂರದಲ್ಲಿ ನೋಡಬೇಕು. ಮಣಿಸರದಂತೆ ಪೋಣಿಸಿಕೊಂಡ ದುಂಡು ಬ್ಯಾಕ್ಟೀರಿಯಾಗಳೂ ಕಡ್ಡಿಯಂತಹವೂ ಕಾಣುತ್ತವೆ. ಯೀಸ್ಟ್ ಕೋಶ ಸುಮಾರು 5ರಿಂದ 10 ಮೈಕ್ರಾನ್, ಬ್ಯಾಕ್ಟೀರಿಯಾದ ಅಗಲ ಸುಮಾರು 1 ಮೈಕ್ರಾನ್. ಎರಡನ್ನೂ ಸೂಕ್ಷ್ಮಜೀವಿ ಎಂಬ ಒಂದೇ ಬುಟ್ಟಿಗೆ ಹಾಕುತ್ತೇವಾದರೂ ಕೋಶಕೇಂದ್ರವಿರುವ ಯೀಸ್ಟ್ ಅಣಬೆಯ ನೆಂಟ, ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಾ ಬಹುದೂರ. ಅಂದಹಾಗೆ, ಇಡ್ಲಿ ಹಿಟ್ಟು ಉಬ್ಬುವುದು ಯೀಸ್ಟಿನಿಂದ ಎಂದು ಅನೇಕರು ತಿಳಿದಿದ್ದಾರೆ. ಅದರಲ್ಲಿ ಮುಖ್ಯ ಪಾತ್ರ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು.

ಬ್ಯಾಕ್ಟೀರಿಯಾಗಳ ನಂಟನ್ನು ದುಂಡು, ಕಡ್ಡಿ ಎಂಬ ಆಕಾರದಿಂದ ಹೇಳಲು ಹೊರಟರೆ ದಾರಿ ತಪ್ಪುವುದು ಖಚಿತ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಮೀಥೇನ್ ಹುಟ್ಟಿಸುವ ಜೀವಿಗಳು ನೋಟಕ್ಕೆ ಬ್ಯಾಕ್ಟೀರಿಯಾಗಳಂತೆಯೇ ಇವೆ. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ರೈಬೊಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದಾಗ ಅವು ಬ್ಯಾಕ್ಟೀರಿಯಾಗಳಿಂದ ತೀರ ಬೇರೆಯಾದ ಗುಂಪೆಂದು ಗೊತ್ತಾಯಿತು. ಇಂದು ಅದನ್ನು ಆರ್ಕಿಯಾ ಎನ್ನುತ್ತೇವೆ.

ಮರ ಬರೆಯುವುದು

ಈಗ ನೋಟುಪುಸ್ತಕದ ಹೊಸ ಪುಟದಲ್ಲಿ ಐದು ಹೆಸರು ಬರೆದುಕೊಳ್ಳಿ: ಮೊಸರಿನ ಬ್ಯಾಕ್ಟೀರಿಯಾ, ಅಡಿಕೆಯ ಫೈಟಾಫ್ತೊರಾ, ಯೀಸ್ಟ್, ಹುತ್ತದ ಅಣಬೆ, ಹಸು. ನಿಯಮ ಒಂದೇ. ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿ ಆ ಕವಲಿನವರಿಗೆ ಬಳುವಳಿಯಾಗಿ ಬಂದ ಲಕ್ಷಣವನ್ನು ಮಾತ್ರ ಎಣಿಸಬೇಕು. ಎಲ್ಲರಿಗೂ ಮೊದಲಿನಿಂದ ಇದ್ದದ್ದನ್ನೂ, ‘ಇಲ್ಲ’ ಎಂಬುದನ್ನೂ ನಂಟಿಗೆ ಸಾಕ್ಷಿಯಾಗಿ ಹಿಡಿಯಬಾರದು. ಹಸುವಿಗೂ ಅಣಬೆಗೂ ಪತ್ರಹರಿತ್ತು ಇಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ, ಪತ್ರಹರಿತ್ತು ಬ್ಯಾಕ್ಟೀರಿಯಾಗಳಲ್ಲೇ ಎಷ್ಟಕ್ಕೋ ಇಲ್ಲ.

ಕೋಶಕೇಂದ್ರ ಇರುವ ನಾಲ್ಕನ್ನು ಒಂದು ಕವಲಿಗೆ ತಂದರೆ ಬ್ಯಾಕ್ಟೀರಿಯಾ ಹೊರಗುಳಿಯುತ್ತದೆ. ಯೀಸ್ಟ್ ಮತ್ತು ಅಣಬೆಯನ್ನು ಕೈಟಿನ್ ಭಿತ್ತಿ ಮತ್ತು ಎರ್ಗೊಸ್ಟೆರಾಲ್ ಜೋಡಿಸುತ್ತವೆ. ಕೈಟಿನ್ ಕೀಟಗಳ ಹೊರಕವಚದಲ್ಲೂ ಇರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಉಳಿದದ್ದು ಕಷ್ಟದ ಪ್ರಶ್ನೆ: ಈ ಜೋಡಿಗೆ ಹತ್ತಿರ ಫೈಟಾಫ್ತೊರಾವೋ, ಹಸುವೋ? ಕಣ್ಣು ಫೈಟಾಫ್ತೊರಾ ಎನ್ನುತ್ತದೆ. ಆದರೆ ನೀರಿನಲ್ಲಿ ಬದುಕುವ ಕೈಟ್ರಿಡ್ ಎಂಬ ಹಳೆಯ ಬಗೆಯ ಶಿಲೀಂಧ್ರಗಳ ಈಜುವ ಬೀಜಕಕ್ಕೆ ಹಿಂಬದಿಯಲ್ಲಿ ಒಂದೇ ಬಾಲ, ಹೋರಿಯ ವೀರ್ಯಾಣುವಿಗೂ ಹಿಂಬದಿಯಲ್ಲಿ ಒಂದೇ ಬಾಲ. ಅಣಬೆ ಮತ್ತು ಯೀಸ್ಟಿನ ಕವಲುಗಳು ಆ ಬಾಲವನ್ನು ಕಳೆದುಕೊಂಡಿವೆ. ಸಾಂಡ್ರಾ ಬಾಲ್ಡೌಫ್ ಮತ್ತು ಜೆಫ್ರಿ ಪಾಮರ್ 1993ರಲ್ಲಿ ಪ್ರೋಟೀನುಗಳ ಅನುಕ್ರಮ ಹೋಲಿಸಿ, ಪ್ರಾಣಿಗಳೂ ಶಿಲೀಂಧ್ರಗಳೂ ಪರಸ್ಪರ ಹತ್ತಿರದ ನೆಂಟರೆಂದು ತೋರಿಸಿದರು. ಆದ್ದರಿಂದ ಹಸುವಿನ ಗೆರೆಯನ್ನು ಅಣಬೆ–ಯೀಸ್ಟ್ ಜೋಡಿಗೆ ಸೇರಿಸಿ, ಫೈಟಾಫ್ತೊರಾವನ್ನು ಅದರ ಕೆಳಗಿನ ಕವಲಿನಲ್ಲಿ ಇಡಬೇಕು. ಈ ಮರವನ್ನು ಪೆನ್ಸಿಲಿನಲ್ಲೇ ಬರೆಯಿರಿ. ಈವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು 1.5 ಲಕ್ಷ, ಇರಬಹುದಾದವು 22ರಿಂದ 38 ಲಕ್ಷ ಎಂದು 2017ರ ಒಂದು ಅಂದಾಜು ಹೇಳುತ್ತದೆ.

ಅಭ್ಯಾಸಕ್ಕೆ ಆರನೆಯ ಹೆಸರು, ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು. ಒಂದು ಚೂರನ್ನು ನೀರಿನಲ್ಲಿ ನೆನೆಸಿ, ಬ್ಲೇಡಿನಿಂದ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬಣ್ಣವಿಲ್ಲದ ಎಳೆಗಳ ಹಾಸಿನ ನಡುವೆ ಹಸಿರು ಗುಂಡುಗಳ ಪದರವೊಂದು ಕಾಣುತ್ತದೆ. ಎಳೆಗಳು ಶಿಲೀಂಧ್ರ, ಗುಂಡುಗಳು ಪಾಚಿ. ಕಲ್ಲುಹೂವಿಗೆ ವೈಜ್ಞಾನಿಕ ಹೆಸರಿಡುವಾಗ ಆ ಹೆಸರು ಶಿಲೀಂಧ್ರಕ್ಕೆ ಸಲ್ಲುತ್ತದೆ. ಪಾಚಿಗೆ ಅದರದ್ದೇ ಬೇರೆ ಹೆಸರಿದೆ. ಹಾಗಾಗಿ ಕಲ್ಲುಹೂವನ್ನು ಮರದಲ್ಲಿ ಎರಡು ಕಡೆ ಬರೆಯಬೇಕು: ಯೀಸ್ಟಿನ ಪಕ್ಕದಲ್ಲಿ ಒಂದು ಕವಲು, ಹಸಿರು ಸಸ್ಯಗಳಿಗೆಂದು ಹೊಸದಾಗಿ ಎಳೆದ ಗೆರೆಯಲ್ಲಿ ಇನ್ನೊಂದು, ಎರಡರ ನಡುವೆ ಚುಕ್ಕೆಗಳ ಗೆರೆ.